ಕೈಗುಣ ಅನ್ನಬೇಡಿ, ಅಳತೆ ಅನ್ನಿ

ಮಿಸ್ತ್ರಿಗಳ 'ಕೈಗುಣ'ವನ್ನು ಹೊಗಳುವ ಲೇಖನಗಳನ್ನು ಇನ್ನು ನಾನು ಓದಲಾರೆ. ಹೀಗೆ ಹೇಳುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಎರಡು ವರ್ಷದ ಹಿಂದೆ ಅಂಥದ್ದೊಂದನ್ನು ನಾನೇ ಬರೆದು, ವಿಚಾರ ಸಂಕಿರಣವೊಂದರಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದ್ದೆ. ಹಿಟ್ನಾಳ ಕ್ರಾಸಿನ ಹತ್ತಿರ ಗ್ಯಾರೇಜು ಇಟ್ಟುಕೊಂಡಿರುವ ಹಿರಿಯ ಮಿಸ್ತ್ರಿಯೊಬ್ಬರ ಬಗ್ಗೆ ಬರೆದ ಪ್ರಬಂಧ ಅದು. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಸಾಕು, ಎಂಜಿನ್ನಿನ ನೋವು ಅವರಿಗೆ ತಿಳಿದುಬಿಡುತ್ತದೆ ಎಂದೆಲ್ಲ ಬರೆದಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ನಾಚಿಕೆಗೆ ಕಾರಣ ನಮ್ಮ ಸೋದರಮಾವನ ಅಂಬಾಸಿಡರ್.

ಮಾವ ಹಿಟ್ನಾಳದವರು. ಅವರ ಗಾಡಿ ವರ್ಷಗಟ್ಟಲೆ ಬಾಡಿಗೆಗೆ ಓಡಿದ್ದು. ಹುಣ್ಣಿಮೆ ಬಂದರೆ ಹುಲಿಗೆಮ್ಮನ ಗುಡಿಗೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ, ಉಳಿದ ದಿನ ಹೊಸಪೇಟೆ, ಗಂಗಾವತಿ. ಐದು ಮಂದಿ ಕೂರುವಲ್ಲಿ ಒಂಬತ್ತು ಮಂದಿ ಕೂತಾಗಲೂ ಆ ಹೊರೆ ಹೊತ್ತದ್ದು ಹಿಂದಿನ ಪಾಟಾಗಳು. ಲೀಫ್ ಸ್ಪ್ರಿಂಗಿಗೆ ನಮ್ಮ ಕಡೆ ಪಾಟಾ ಅನ್ನುತ್ತಾರೆ: ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಒಂದು ಸೆಂಟರ್ ಬೋಲ್ಟ್ ಹಾಕಿ ಬಿಗಿದದ್ದು. ಹಿಂದಿನ ಎರಡು ಗಾಲಿಗಳನ್ನು ಕೂಡಿಸುವ ಹೌಸಿಂಗನ್ನು ಈ ಪಾಟಾಗಳಿಗೆ ಯು-ಬೋಲ್ಟುಗಳಿಂದ ಕಟ್ಟಿರುತ್ತಾರೆ. ಸೆಂಟರ್ ಬೋಲ್ಟಿನ ತಲೆ ಹೌಸಿಂಗಿನ ಕೂರುಪಟ್ಟಿಯ ತೂತಿನೊಳಗೆ ಕೂತು, ಅದು ಹಿಂದೆ ಮುಂದೆ ಜರುಗದಂತೆ ಹಿಡಿಯುತ್ತದೆ. ಇಡೀ ಕಥೆ ಇರುವುದು ಈ ಬೋಲ್ಟಿನ ತಲೆಯಲ್ಲಿ.

ಮಾವನ ಮಗ ಮೊಬೈಲಿನಲ್ಲಿ ಹಿಂಭಾಗ ಇಳಿಸಿದ ಹಳೇ ಕಾರುಗಳ ಚಿತ್ರ ನೋಡಿ ಮರುಳಾದ. ದೊಡ್ಡ ಊರಿನ ಗ್ಯಾರೇಜೊಂದರಲ್ಲಿ ಪಾಟಾಕ್ಕೂ ಹೌಸಿಂಗಿಗೂ ನಡುವೆ ಎರಡಿಂಚಿನ ಕಬ್ಬಿಣದ ಬ್ಲಾಕು ಇಡಿಸಿಕೊಂಡು ಬಂದ. ಗಾಡಿ ಹಿಂದಕ್ಕೆ ಕುಂಡೆ ಊರಿ ಕೂತ ಹಾಗೆ ಕಾಣುತ್ತಿತ್ತು. ಚಂದವೂ ಇತ್ತು, ಸುಳ್ಳು ಹೇಳಲಾರೆ.

ತಿಂಗಳೊಳಗೆ ಗಂಗಾವತಿ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕುವಾಗ ಗಾಡಿ ತಾನಾಗಿಯೇ ಬಲಕ್ಕೆ ಎಳೆಯಿತು. ಎದುರಿಗೆ ಬಸ್ಸು ಬಂತು. ಅವನು ಗಾಬರಿಯಿಂದ ಎಕ್ಸಲೇಟರಿನಿಂದ ಕಾಲು ತೆಗೆದದ್ದೇ ತಡ, ಮೂತಿ ಎಡಕ್ಕೆ, ಟ್ರೇಲರಿನ ಕಡೆಗೆ ಹಾರಿತು. ಹಿಂದಿನ ಸೀಟಿನಲ್ಲಿ ಅತ್ತೆ ಇದ್ದಳು, ನಾನಿದ್ದೆ. ಟ್ರೇಲರಿಗೂ ನಮಗೂ ಒಂದು ಗೇಣು ಉಳಿದಿತ್ತು.

ಆಮೇಲೆ ಶುರುವಾಯಿತು ಪಂಡಿತರ ಸಾಲು. ಒಬ್ಬರು ಮುಂದಿನ ಅಲೈನ್‌ಮೆಂಟ್ ಎಂದರು, ಮಾಡಿಸಿದೆವು. ಇನ್ನೊಬ್ಬರು ಟಯರು ಎಂದರು. ಹೊಸ ನಾಲ್ಕು ಬಂದವು. ಮೂರನೆಯವರು ಸ್ಟೇರಿಂಗ್ ಬಾಕ್ಸನ್ನು ಬಿಗಿ ಮಾಡಿದರು. ಚಕ್ರ ತಿರುಗಿಸಲು ಎರಡೂ ಕೈ ಬೇಕಾದವು, ಎಳೆತ ಮಾತ್ರ ಹಾಗೇ ಉಳಿಯಿತು. ನೇರ ರಸ್ತೆಯಲ್ಲಿ ಸ್ಟೇರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತಿತ್ತು. ಅಲೈನ್‌ಮೆಂಟಿನವರು ಅದನ್ನು ಕಳಚಿ ನೇರ ಮಾಡಿ ಕೂರಿಸಿಕೊಟ್ಟರು. ಗಾಡಿ ತನ್ನ ಕಾಯಿಲೆಯನ್ನು ತೋರಿಸುತ್ತಿದ್ದ ಒಂದೇ ಒಂದು ಗುರುತನ್ನು ಹೀಗೆ ದುಡ್ಡು ಕೊಟ್ಟು ಅಳಿಸಿಕೊಂಡೆವು. ಕಡೆಗೆ ಎಲ್ಲರೂ ಸೇರಿ 'ಹಳೇ ಗಾಡಿ ಹಿಂಗ ಇರ್ತೈತಿ ಬಿಡ್ರಿ' ಎಂಬ ತೀರ್ಮಾನಕ್ಕೆ ಬಂದರು. ಎರಡು ತಿಂಗಳ ಹಿಂದೆ ಅದೇ ಹಳೇ ಗಾಡಿ ಹಗ್ಗ ಹಿಡಿದಂತೆ ನೇರ ಹೋಗುತ್ತಿತ್ತಲ್ಲ ಎಂದು ಯಾರೂ ಕೇಳಲಿಲ್ಲ.

ನಾನು ಪ್ರಬಂಧ ಬರೆದಿದ್ದ ಮಿಸ್ತ್ರಿ ಕಾಕಾನ ಹತ್ತಿರ ಕೊನೆಗೆ ಹೋದೆವು. ಮೊದಲೇ ಯಾಕೆ ಹೋಗಲಿಲ್ಲ? ಮಾವನ ಮಗನಿಗೆ ಅವರು ಬೈಯುತ್ತಾರೆಂಬ ಹೆದರಿಕೆ. ನಾನು ಕೈಗುಣದ ದರ್ಶನಕ್ಕೆ ಸಿದ್ಧನಾಗಿ ನಿಂತೆ. ಕಾಕಾ ಬಾನೆಟ್ಟಿನ ಮೇಲೆ ಕೈಯಿಡಲಿಲ್ಲ. ಸ್ಟೂಲಿನ ಮೇಲೆ ಕೂತು ಮೂರು ಪ್ರಶ್ನೆ ಕೇಳಿದರು.

"ಇದು ಶುರು ಆಗೂಕಿಂತ ಮುಂಚೆ ಗಾಡಿಗೆ ಏನ್ ಮಾಡ್ಸಿದ್ರಿ? ಎಳೆಯೂದು ಕಾಲು ಒತ್ತಿದಾಗೋ, ಬಿಟ್ಟಾಗೋ? ಖಾಲಿ ಇದ್ದಾಗೂ ಹಿಂಗ ಮಾಡ್ತೈತೇನು?"

ಒತ್ತಿದಾಗ ಬಲಕ್ಕೆ, ಬಿಟ್ಟಾಗ ಎಡಕ್ಕೆ ಎಂದೆವು. "ಹಂಗಾದ್ರ ಮುಂದಿನ ಗಾಲಿ ಪಾಪ ಏನ್ ಮಾಡೇತಿ?" ಎಂದು ಎದ್ದರು. ಯಾವ ಕಡೆ ಎಳೆಯುತ್ತದೆ ಎನ್ನುವುದು ಕಾಲಿನ ಮೇಲೆ ನಿಂತಿದ್ದರೆ, ಎಂಜಿನ್ನಿನ ಬಲವನ್ನು ಹೊರುವ ಭಾಗವನ್ನು ಮೊದಲು ನೋಡಬೇಕು. ಅಂಬಾಸಿಡರಿನಲ್ಲಿ ಅದು ಹಿಂದಿನ ಹೌಸಿಂಗು. ತಾವೇ ಗಾಡಿ ತೆಗೆದುಕೊಂಡು ಹೋಗಿ ಒಂದು ಸುತ್ತು ಬಂದರು. ಆಮೇಲೆ ಸಮತಟ್ಟು ಗಚ್ಚಿನ ಮೇಲೆ ನಿಲ್ಲಿಸಿ, ಮುಂದಿನ ಗಾಲಿಗಳನ್ನು ನೇರ ಮಾಡಿ, ನಾಲ್ಕೂ ಗಾಲಿಯ ನಡುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದರು. ಗಾಡಿ ಸರಿಸಿ, ಎಡಗಡೆಯ ಮುಂದಿನ ಗುರುತಿನಿಂದ ಹಿಂದಿನದಕ್ಕೆ ಟೇಪು ಹಿಡಿದರು: ತೊಂಬತ್ತೇಳು ಇಂಚು, ಇರಬೇಕಾದಷ್ಟೇ. ಬಲಗಡೆ ಅರ್ಧ ಇಂಚು ಕಡಿಮೆ. ಅಷ್ಟಕ್ಕೇ ನಂಬಲಿಲ್ಲ. ಮುಂದಿನ ಗಾಲಿಯೇ ಹಿಂದೆ ಸರಿದಿರಬಹುದಲ್ಲ? ಪಾಟಾದ ಮುಂದಿನ ಕಣ್ಣಿನ ಬೋಲ್ಟಿನಿಂದ ಹೌಸಿಂಗಿನವರೆಗೆ ಎರಡೂ ಬದಿ ಬೇರೆಯಾಗಿ ಅಳೆದರು. ಅಲ್ಲೂ ಅದೇ ಅರ್ಧ ಇಂಚು.

ಹಿಂಗಾಲಿಗಳ ನಡುವಿನ ಅಂತರ ಸುಮಾರು ನಾಲ್ಕೂವರೆ ಅಡಿ. ಅಷ್ಟು ಅಗಲಕ್ಕೆ ಅರ್ಧ ಇಂಚು ಎಂದರೆ ಹೌಸಿಂಗು ಅರ್ಧ ಡಿಗ್ರಿ ಓರೆ. ಹಿಂಗಾಲಿಗಳು ಎಡಕ್ಕೆ ಮುಖ ಮಾಡಿ ನಿಂತಿವೆ. ಬಾಲ ಎಡಕ್ಕೆ ಹೋದರೆ ಮೂತಿ ಬಲಕ್ಕೆ ಹೋಗುತ್ತದೆ. ಜಾಕು ಹಾಕಿ ಬಿಚ್ಚಿದಾಗ ಕಾರಣ ಸಿಕ್ಕಿತು. ಎಡಗಡೆಯ ಬ್ಲಾಕಿನಲ್ಲಿ ಪಾಟಾದ ಬೋಲ್ಟಿನ ತಲೆಗೆ ತೂತು, ಹೌಸಿಂಗಿನ ತೂತಿಗೆ ಗೂಟ ಎರಡೂ ಇದ್ದವು. ಬಲಗಡೆಯದು ಬರೀ ಕಬ್ಬಿಣದ ತುಂಡು. ಅದು ಸಪಾಟಾಗಿ ಕೂರಲೆಂದು ಸೆಂಟರ್ ಬೋಲ್ಟಿನ ತಲೆಯನ್ನೇ ಉಜ್ಜಿ ತೆಗೆದಿದ್ದರು! ಬಲಗಾಲಿಯನ್ನು ಹಿಡಿದಿದ್ದದ್ದು ಯು-ಬೋಲ್ಟಿನ ಬಿಗಿಯೊಂದೇ, ಅದೂ ಸಡಿಲಾಗಿತ್ತು. ಕಾಲು ಒತ್ತಿದರೆ ಆ ಬದಿ ಮುಂದೆ ಜಾರುತ್ತಿತ್ತು, ಬಿಟ್ಟರೆ ಹಿಂದೆ.

ಕಂಪ್ಯೂಟರ್ ಅಲೈನ್‌ಮೆಂಟಿನಲ್ಲಿ ನಾಲ್ಕೂ ಗಾಲಿಗೆ ಸೆನ್ಸರು ಕಟ್ಟಿದ್ದರೆ ಇದು ಅಲ್ಲಿಯೂ ಸಿಗುತ್ತಿತ್ತು. ಯಂತ್ರದ ಮೇಲೆ ನನ್ನ ದೂರಿಲ್ಲ. ಮುಂದಿನೆರಡಕ್ಕೆ ಕಟ್ಟಿ, ಹಿಂದಿನದು ನೇರವೇ ಇದೆ ಎಂದುಕೊಂಡರಲ್ಲ, ಆ ಎಂದುಕೊಳ್ಳುವುದರ ಮೇಲೆ ಇದೆ.

ಕಾಕಾ ಗೂಟವಿರುವ ಬ್ಲಾಕು, ಹೊಸ ಸೆಂಟರ್ ಬೋಲ್ಟು, ಹೊಸ ಯು-ಬೋಲ್ಟು ಹಾಕಿದರು. ಬೇರೇನನ್ನೂ ಮುಟ್ಟಲಿಲ್ಲ. ಓಡಿಸಿ ನೋಡಿದರೆ ಎಳೆತ ಹೋಗಿತ್ತು. ಆದರೆ ತಿರುವಿನಲ್ಲಿ ತಗ್ಗು ಬಂದರೆ ಬಾಲ ಧಡ್ಡನೆ ಒದ್ದು ಹೊರಕ್ಕೆ ಸರಿಯುತ್ತಿತ್ತು. ಅದು ಎರಡನೇ ಕಾಯಿಲೆ, ಮೊದಲನೆಯದು ವಾಸಿಯಾಗದೆ ಇದು ಕಾಣುತ್ತಿರಲಿಲ್ಲ. ಎರಡಿಂಚು ಇಳಿಸಿದ ಮೇಲೆ ಹೌಸಿಂಗಿಗೂ ಅದರ ಮೇಲಿನ ಬಂಪ್ ರಬ್ಬರಿಗೂ ನಡುವೆ ಜಾಗ ಉಳಿದಿರಲಿಲ್ಲ. ಮೆತ್ತಗಿದ್ದ ಪಾಟಾ ರಬ್ಬರಿಗೆ ತಾಗಿದ ಕ್ಷಣ ಕಲ್ಲಾಗುತ್ತದೆ, ಹಿಂಗಾಲಿ ಹಿಡಿತ ಬಿಡುತ್ತದೆ. ತೊಂಬತ್ತೇಳು ಇಂಚಿಗೆ ಎರಡಿಂಚು ಇಳಿದರೆ ಗಾಡಿ ಒಂದು ಡಿಗ್ರಿಗಿಂತ ತುಸು ಹೆಚ್ಚು ಮೂತಿ ಎತ್ತುತ್ತದೆ. ರಾತ್ರಿ ಎದುರಿನ ಲಾರಿಯವರು ಲೈಟು ಮಿಣುಕಿಸಿ ನಮ್ಮನ್ನು ಯಾಕೆ ಬೈಯುತ್ತಿದ್ದರೆಂದು ಆಗ ತಿಳಿಯಿತು.

ಗಾಡಿ ಇಳಿಸುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಭಾರದ ಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಓಲಾಟ ಕಡಿಮೆಯಾಗುತ್ತದೆ ಎಂಬ ಮಾವನ ಮಗನ ವಾದ ಸರಿ. ಆದರೆ ಅವನು ಓದಿದ ಅರ್ಧದಲ್ಲಿ ಗೂಟ, ಗಿಡ್ಡ ಶಾಕ್ ಅಬ್ಸಾರ್ಬರು, ರಬ್ಬರಿನ ಜಾಗ ಇರಲಿಲ್ಲ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಕಾಕಾ ಮಾಡಿದ್ದರಲ್ಲಿ 'ಕೈಗುಣ' ಯಾವುದು? ರೋಗಕ್ಕೂ ಅದಕ್ಕೆ ಮುಂಚಿನ ಬದಲಾವಣೆಗೂ ಸಂಬಂಧ ಹುಡುಕಿದರು, ಒಂದು ಅಳತೆಯನ್ನು ಇನ್ನೊಂದರಿಂದ ಪರೀಕ್ಷಿಸಿದರು, ಒಂದು ಸಲಕ್ಕೆ ಒಂದನ್ನೇ ಬದಲಿಸಿದರು. ಪಿಎಚ್‌ಡಿ ಕೋರ್ಸ್‌ವರ್ಕಿನಲ್ಲಿ ನಮಗೆ ಸಂಶೋಧನಾ ವಿಧಾನ ಎಂದು ಪಾಠ ಹೇಳುವುದು ಇದನ್ನೇ. ನಾವು ಮಾಡಿದರೆ ವಿಧಾನ, ಎಣ್ಣೆ ಮೆತ್ತಿದ ಅಂಗಿಯವರು ಮಾಡಿದರೆ ಕೈಗುಣ! ಕೊಪ್ಪಳದ ಗವಿಮಠದ ಅಶೋಕನ ಶಾಸನದಲ್ಲಿ ಸವೆದ ಒಂದು ಅಕ್ಷರಕ್ಕೆ ಪುಟಗಟ್ಟಲೆ ಚರ್ಚಿಸುತ್ತೇವೆ, ಕಿನ್ನಾಳದ ಗೊಂಬೆಯ ಬಣ್ಣ ಹೇಗೆ ಕಲೆಸುತ್ತಾರೆಂದು ಕೂತು ಬರೆದುಕೊಳ್ಳುತ್ತೇವೆ. ಅವು ಬೇಕು. ಅದೇ ನಾವು ಗ್ಯಾರೇಜಿಗೆ ಬಂದ ಕೂಡಲೇ ನೋಟ್‌ಬುಕ್ಕು ಮುಚ್ಚಿ ಕವಿಗಳಾಗುತ್ತೇವೆ.

ಇದು ಬರೀ ಪದದ ಜಗಳವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕಾಕಾ ಸಾಮಾನಿನ ದುಡ್ಡು ಬಿಟ್ಟು ಆರು ನೂರು ರೂಪಾಯಿ ತೆಗೆದುಕೊಂಡರು, ಬೋಲ್ಟು ಬಿಚ್ಚಿ ಹಾಕಿದ ಕೂಲಿ. ಕಾಯಿಲೆ ಪತ್ತೆ ಮಾಡಿದ್ದಕ್ಕೆ ಅವರ ಬಿಲ್ಲಿನಲ್ಲಿ ಸಾಲೇ ಇಲ್ಲ, ಏಕೆಂದರೆ ಕೈಗುಣ ದೇವರು ಕೊಟ್ಟದ್ದು, ಅದಕ್ಕೆ ಯಾರು ದುಡ್ಡು ಕೊಡುತ್ತಾರೆ? ಅವರ ಹತ್ತಿರ ಆರು ವರ್ಷ ಕಲಿತ ಹುಡುಗ ಈಗ ಗಿಣಿಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿ. ತಿಂಗಳ ಪಗಾರ ಗ್ಯಾರೇಜಿಗಿಂತ ಹೆಚ್ಚು. ಆ ತೂಗುಗುಂಡು ಯಾಕೆ ಇಳಿಬಿಡಬೇಕು, ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎನ್ನುವುದು ಕನ್ನಡದಲ್ಲಿ ಬರೆದಿಟ್ಟದ್ದು ಅವನಿಗೂ ಸಿಗಲಿಲ್ಲ, ಮುಂದೆ ಬರುವವನಿಗೂ ಇಲ್ಲ. ನಾನು ಹೋಗಿ ಬರೆದುಕೊಂಡು ಬಂದದ್ದು ಬಾನೆಟ್ಟಿನ ಮೇಲಿನ ಕೈ.

ಗಾಡಿ ತರುವ ದಿನ ಸಂಕೋಚದಿಂದಲೇ ಆ ಹಳೇ ಪ್ರಬಂಧವನ್ನು ಕಾಕಾನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಚಹಾದ ಲೋಟ ಕೆಳಗಿಟ್ಟು, "ಛಲೋ ಬರದೀ ತಮ್ಮಾ. ಆದ್ರ ಅಳತಿ ಮಾಡಿದ್ದು ಎಲ್ಲೂ ಬರದೇ ಇಲ್ಲಲ್ಲ?" ಎಂದರು.

ಬ್ಲಾಕುಗಳು ಈಗ ಮಾವನ ಮನೆಯ ಜಗಲಿಯ ಮೇಲಿವೆ, ಗಾಡಿ ತನ್ನ ಮೊದಲಿನ ಎತ್ತರಕ್ಕೆ ಬಂದಿದೆ. ಮಾವನ ಮಗನ ಸಿಟ್ಟು ಇಳಿದಿಲ್ಲ. ಒಂದೇ ಇಂಚು ಇಳಿಸೋಣ ಎಂದು ಮತ್ತೆ ಕಾಕಾನ ಹಿಂದೆ ಬಿದ್ದಿದ್ದಾನೆ. ರಬ್ಬರಿಗೂ ಹೌಸಿಂಗಿಗೂ ನಡುವೆ ಎಷ್ಟು ಜಾಗ ಐತಿ ಎಂದು ಖಾಲಿ ಗಾಡಿಯಲ್ಲೊಮ್ಮೆ, ಐದು ಮಂದಿ ಕೂರಿಸಿ ಒಮ್ಮೆ ಅಳೆದು, ಹಾಳಿಯ ಮೇಲೆ ಬರಕೊಂಡು ಬಾ ಎಂದು ಕಳಿಸಿದ್ದಾರಂತೆ. ಐದನೆಯವನಾಗಿ ಕೂರಲು ಈ ಭಾನುವಾರ ನನ್ನನ್ನು ಕರೆದಿದ್ದಾನೆ.