ಹರ್ಟ್ಸ್ ಎಷ್ಟು ಎಂದು ಕೇಳುವ ಮುನ್ನ

ದಸರಾ, ದೀಪಾವಳಿ ಹತ್ತಿರವಾದಂತೆ ಹಾವೇರಿ, ರಾಣೆಬೆನ್ನೂರಿನ ಟಿ.ವಿ. ಅಂಗಡಿಗಳಲ್ಲಿ ಹೊಸ ಬಗೆಯ ವಿಚಾರಣೆ ನಡೆಯುತ್ತದೆ. ಅಪ್ಪ ಬೆಲೆ ಎಷ್ಟೆಂದು ಕೇಳುತ್ತಾನೆ. ಅವ್ವ ಎಷ್ಟು ಇಂಚಿನದೆಂದು ಕೇಳುತ್ತಾಳೆ. ಮಗ ಮಾತ್ರ 'ಎಷ್ಟು ಹರ್ಟ್ಸ್?' ಎಂದು ಕೇಳುತ್ತಾನೆ. 60 ಹರ್ಟ್ಸ್ ಟಿ.ವಿ.ಯಲ್ಲಿ ವಿಡಿಯೊ ಗೇಮ್ ಆಡಲಾಗದು, 120ರದೇ ಬೇಕು ಎಂಬುದು ಅವನ ವಾದ. ಈ ಎರಡರ ನಡುವಿನ ಅಂತರ ಹಲವು ಸಾವಿರ ರೂಪಾಯಿ. ನಮ್ಮ ಗುತ್ತಲದ ಕಡೆಯ ಸಣ್ಣ ರೈತನಿಗೆ ಅದು ಒಂದು ಬೆಳೆಗೆ ಹಾಕುವ ಗೊಬ್ಬರದ ಹಣ. ಆದ್ದರಿಂದ ಈ ಹರ್ಟ್ಸ್ ಎಂದರೇನು, ಆಟಕ್ಕೂ ಅದಕ್ಕೂ ಏನು ಸಂಬಂಧ ಎಂಬುದನ್ನು ಈ ವಾರ ನೋಡೋಣ.

ಹರ್ಟ್ಸ್ ಎಂಬುದು ಜರ್ಮನಿಯ ಭೌತವಿಜ್ಞಾನಿ ಹೈನ್ರಿಕ್ ಹರ್ಟ್ಸ್‌ನ ಹೆಸರಿನ ಮಾನ. ಸೆಕೆಂಡಿಗೆ ಎಷ್ಟು ಸಲ ಎಂಬುದಷ್ಟೇ ಅದರ ಅರ್ಥ. ಟಿ.ವಿ.ಯ ಪರದೆ ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದಾಗಿ ಬರೆದರೆ ಅದರ ರಿಫ್ರೆಶ್ ರೇಟ್ 60 ಹರ್ಟ್ಸ್. ಪರದೆಯ ಮೇಲೆ ಯಾವ ಚಿತ್ರವೂ ನಿಜವಾಗಿ ಚಲಿಸುವುದಿಲ್ಲ. ನಿಂತ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ, ಚಲನೆಯನ್ನು ನಮ್ಮ ಕಣ್ಣು ಮತ್ತು ಮಿದುಳು ಸೇರಿ ಕಟ್ಟಿಕೊಳ್ಳುತ್ತವೆ.

ಹಿಂದಿನ ಟೂರಿಂಗ್ ಟಾಕೀಸುಗಳನ್ನು ಬಲ್ಲವರು ಇದನ್ನು ಸುಲಭವಾಗಿ ತಿಳಿಯಬಹುದು. ಸಿನಿಮಾ ರೀಲಿನಲ್ಲಿ ಸೆಕೆಂಡಿಗೆ ಓಡುತ್ತಿದ್ದುದು 24 ಚಿತ್ರಗಳು ಮಾತ್ರ. ಬೆಳಕು 24 ಸಲ ಮಾತ್ರ ಮಿನುಗಿದರೆ ಕಣ್ಣಿಗೆ ನಡುಕ ಕಾಣುತ್ತದೆ. ಅದಕ್ಕಾಗಿ ಪ್ರೊಜೆಕ್ಟರಿನ ಮುಂದೆ ತಿರುಗುವ ಮುಚ್ಚಳವು ಒಂದೇ ಚಿತ್ರವನ್ನು ಎರಡು ಸಲ ತೋರಿಸುತ್ತಿತ್ತು. ಚಿತ್ರ 24, ಮಿನುಗು 48. ಹೊಸ ಚಿತ್ರಗಳ ಸಂಖ್ಯೆ ಬೇರೆ, ಪರದೆ ಬೆಳಗುವ ಸಂಖ್ಯೆ ಬೇರೆ. ಈ ಭೇದವನ್ನು ನೆನಪಿಟ್ಟುಕೊಳ್ಳಿ. ಇಂದಿನ ಟಿ.ವಿ. ಜಾಹೀರಾತಿನ ಗೊಂದಲವೆಲ್ಲ ಇದನ್ನು ಮರೆಸುವುದರಿಂದಲೇ ಹುಟ್ಟುತ್ತದೆ.

ದೂರದರ್ಶನದ ಕಾಲದ ದಪ್ಪ ಪೆಟ್ಟಿಗೆಯ ಟಿ.ವಿ.ಗೆ ಬನ್ನಿ. ಅದರ ಗಾಜಿನ ಕೊಳವೆಯೊಳಗೆ ಎಲೆಕ್ಟ್ರಾನುಗಳ ಧಾರೆಯೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯುತ್ತ ಬರುತ್ತಿತ್ತು. ನಮ್ಮ ದೇಶ ಒಪ್ಪಿಕೊಂಡ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಮೊದಲು ಬೆಸ ಸಂಖ್ಯೆಯ ಗೆರೆ, ಆಮೇಲೆ ಸಮ ಸಂಖ್ಯೆಯ ಗೆರೆ ಎಂದು ಪ್ರತಿ ಚಿತ್ರವನ್ನೂ ಎರಡು ಅರ್ಧಗಳಾಗಿ ಬರೆಯುತ್ತಿದ್ದುದರಿಂದ ಪರದೆ ಸೆಕೆಂಡಿಗೆ 50 ಸಲ ತುಂಬುತ್ತಿತ್ತು. 50ನ್ನೇ ಏಕೆ ಆರಿಸಿದರು? ಈ ಪದ್ಧತಿ ಹುಟ್ಟಿದ ಯೂರೋಪಿನಲ್ಲಿ, ನಮ್ಮಲ್ಲಿರುವಂತೆಯೇ, ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು. ಎರಡೂ ಹೊಂದಿಕೊಂಡಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡುವ ತೊಂದರೆ ಕಡಿಮೆ. ಅಮೆರಿಕದಲ್ಲಿ ವಿದ್ಯುತ್ತು 60 ಆವರ್ತನೆಯದು, ಅಲ್ಲಿನ ಟಿ.ವಿ. 60ರ ಲೆಕ್ಕ. ಜಪಾನ್ ಕೂಡ ಟಿ.ವಿ.ಗೆ 60ರ ಪದ್ಧತಿಯನ್ನೇ ಹಿಡಿಯಿತು.

ವಿಡಿಯೊ ಗೇಮಿನ ಕಥೆ ಸೇರಿಕೊಳ್ಳುವುದು ಇಲ್ಲಿಯೇ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಆಟದ ಯಂತ್ರ ಮತ್ತು ಅದರ ನಕಲುಗಳು 1990ರ ದಶಕದಲ್ಲಿ ನಮ್ಮ ಪೇಟೆಗಳಿಗೂ ಬಂದವು. 'ಕ್ಯಾಸೆಟ್' ಸಿಕ್ಕಿಸಿ ಆಡುವ ಮಾರಿಯೊ, ಕಾಂಟ್ರಾ ಆಟಗಳು ಈಗ ನಲವತ್ತರ ಆಸುಪಾಸಿನಲ್ಲಿರುವವರಿಗೆ ನೆನಪಿರಬೇಕು. ಆ ಯಂತ್ರಕ್ಕೆ ಟಿ.ವಿ.ಯೇ ಗಡಿಯಾರ. ಧಾರೆ ಪರದೆಯ ತಳ ಮುಟ್ಟಿ ಮತ್ತೆ ಮೇಲಕ್ಕೆ ಹೋಗುವ ಆ ಕ್ಷಣದ ಬಿಡುವಿನಲ್ಲಿ ಅದು ಮುಂದಿನ ಚಿತ್ರವನ್ನು ಸಜ್ಜುಮಾಡುತ್ತಿತ್ತು. ಪ್ರತಿ ಚಿತ್ರಕ್ಕೂ ಮಾರಿಯೊ ಇಷ್ಟು ಚುಕ್ಕೆ ಮುಂದೆ ಸರಿಯಬೇಕು ಎಂಬುದು ಆಟದ ಲೆಕ್ಕ. 60ರ ಪದ್ಧತಿಗೆ ಬರೆದ ಆಟವನ್ನು ಬದಲಾಯಿಸದೆ 50ರ ಪದ್ಧತಿಯಲ್ಲಿ ಓಡಿಸಿದರೆ ಏನಾಗಬೇಕು? ಎಲ್ಲವೂ ಆರನೆಯ ಒಂದು ಪಾಲು ನಿಧಾನ. ಜಪಾನಿನ ಹುಡುಗ 5 ನಿಮಿಷದಲ್ಲಿ ಮುಗಿಸುವ ಓಟಕ್ಕೆ ಇಲ್ಲಿ 6 ನಿಮಿಷ. ಸಂಗೀತದ ಗತಿಯೂ ಇಳಿಯುತ್ತಿತ್ತು. 1991ರ ಸೊನಿಕ್ ಎಂಬ ಪ್ರಸಿದ್ಧ ಆಟ, ವೇಗಕ್ಕೇ ಹೆಸರಾದದ್ದು, ಯೂರೋಪಿನ ಮನೆಗಳಲ್ಲಿ ಇದೇ ಕಾರಣಕ್ಕೆ ನಿಧಾನವಾಗಿ ಓಡಿತು. ಆ ಕಾಲದಲ್ಲಿ ಹರ್ಟ್ಸ್ ಎಂಬುದು ಆಟದ ವೇಗವನ್ನೇ ನಿರ್ಧರಿಸುತ್ತಿತ್ತು.

ಆ ಯಂತ್ರಗಳ ಜೊತೆ ಒಂದು ಪ್ಲಾಸ್ಟಿಕ್ ಬಂದೂಕೂ ಬರುತ್ತಿತ್ತು. ಪರದೆಯ ಮೇಲೆ ಹಾರುವ ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವ 'ಡಕ್ ಹಂಟ್' ಆಟ 1984ರದು. ಇದನ್ನು ಜೋಪಾನವಾಗಿ ಎತ್ತಿಟ್ಟವರು ಇಂದಿನ ಎಲ್.ಇ.ಡಿ. ಟಿ.ವಿ.ಗೆ ಜೋಡಿಸಿ ನೋಡಿದರೆ ಆಟ ಬರುತ್ತದೆ, ಹಕ್ಕಿ ಹಾರುತ್ತದೆ, ಎಷ್ಟು ಹೊಡೆದರೂ ಬೀಳುವುದಿಲ್ಲ. ಬಂದೂಕು ಕೆಟ್ಟಿದೆಯೆಂದು ಬಿಸಾಡಬೇಡಿ. ಅದು ಪರದೆಯತ್ತ ಏನನ್ನೂ ಹಾರಿಸುವುದಿಲ್ಲ, ಪರದೆಯ ಬೆಳಕನ್ನು ನೋಡುತ್ತದೆ ಅಷ್ಟೆ. ಕುದುರೆ ಒತ್ತಿದಾಗ ಆಟವು ಇಡೀ ಪರದೆಯನ್ನು ಒಂದು ಕ್ಷಣ ಕಪ್ಪಾಗಿಸಿ, ಅದರ ಬೆನ್ನಿಗೇ ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ತೋರಿಸುತ್ತದೆ. ಮೊದಲು ಕಪ್ಪು, ಮರುಚಿತ್ರದಲ್ಲಿ ಬಿಳುಪು ಕಂಡರೆ ಗುರಿ ಸರಿ. ಉರಿಯುವ ಬಲ್ಬಿಗೆ ಗುರಿಯಿಟ್ಟು ಅಂಕ ಗಳಿಸಬಾರದೆಂದೇ ಈ ಕಪ್ಪು-ಬಿಳುಪಿನ ಕ್ರಮ. ಇದೆಲ್ಲ ನಡೆದು ಮುಗಿಯುವುದು ಸೆಕೆಂಡಿನ ಒಂದು ಸಣ್ಣ ಚೂರಿನಲ್ಲಿ.

ಹೊಸ ಟಿ.ವಿ.ಯಲ್ಲಿ ಇದು ಸೋಲುವುದಕ್ಕೆ ಎರಡು ಕಾರಣ. ಹಳೆಯ ಪರದೆಯ ಬೆಳಕು ಗೆರೆಗೆರೆಯಾಗಿ ಸೆಕೆಂಡಿಗೆ 15 ಸಾವಿರಕ್ಕೂ ಹೆಚ್ಚು ಸಲ ಮಿಡಿಯುತ್ತಿತ್ತು, ಬಂದೂಕು ಆ ಮಿಡಿತಕ್ಕೇ ಹೊಂದಿಸಿದ್ದು. ಇದು ಒಂದು. ಎರಡನೆಯದು ತಡ. ಹಳೆಯ ಟಿ.ವಿ. ಬಂದ ಸಂಕೇತವನ್ನು ಬಂದ ಹಾಗೆಯೇ ಧಾರೆಗೆ ಕೊಟ್ಟುಬಿಡುತ್ತಿತ್ತು. ಹೊಸ ಟಿ.ವಿ. ಒಳಗೊಂದು ಕಂಪ್ಯೂಟರ್ ಇಟ್ಟುಕೊಂಡಿದೆ. ಬಂದ ಚಿತ್ರವನ್ನು ಅದು ನೆನಪಿನಲ್ಲಿ ಹಿಡಿದಿಟ್ಟು, ಹಿಗ್ಗಿಸಿ, ಬಣ್ಣ ತಿದ್ದಿ, ಅಂಚು ಚೂಪುಮಾಡಿ, ಆಮೇಲೆ ತೋರಿಸುತ್ತದೆ. ಬಿಳಿ ಚೌಕ ಪರದೆಗೆ ಬರುವಷ್ಟರಲ್ಲಿ ಬಂದೂಕು ನೋಡುವುದನ್ನೇ ಬಿಟ್ಟಿರುತ್ತದೆ. ಆ ತಡ ನಮ್ಮ ಕಣ್ಣಿಗೆ ಸುಲಭವಾಗಿ ಕಾಣದು. ಬಂದೂಕು ಮಾತ್ರ ಅದನ್ನು ಹಿಡಿದು ತೋರಿಸಿತು.

ಆಟದ ಕೋಲಿನ ಗುಂಡಿ ಒತ್ತಿದ ಕ್ಷಣಕ್ಕೂ ಅದರ ಫಲ ಪರದೆಯಲ್ಲಿ ಕಾಣುವ ಕ್ಷಣಕ್ಕೂ ನಡುವಿನ ಕಾಲದಲ್ಲಿ ಟಿ.ವಿ.ಯ ಈ ಪಾಲು ದೊಡ್ಡದು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಹರ್ಟ್ಸ್. ಈ ತಡವನ್ನು ಅಚ್ಚುಹಾಕುವವರು ಅಪರೂಪ. ಎರಡರಲ್ಲಿ ಯಾವುದು ಹೆಚ್ಚು? ನಮ್ಮ ಹುಡುಗರಿಗೆ ಪ್ರಿಯವಾದ ಕ್ರಿಕೆಟ್ ಆಟದಲ್ಲೇ ಲೆಕ್ಕ ಹಾಕೋಣ.

ಗಂಟೆಗೆ 140 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ಬೌಲರನ ಕೈಯಿಂದ ಬ್ಯಾಟಿನವರೆಗೆ 18 ಮೀಟರ್ ಎಂದಿಟ್ಟುಕೊಂಡು, ನೆಲಕ್ಕೆ ಬಡಿದು ವೇಗ ಕುಂದುವುದನ್ನು ಬಿಟ್ಟರೆ, ಅದಕ್ಕೆ ಬೇಕಾದ ಕಾಲ 0.46 ಸೆಕೆಂಡ್. 60 ಹರ್ಟ್ಸ್ ಪರದೆ ಅಷ್ಟರಲ್ಲಿ ಚೆಂಡನ್ನು ಸುಮಾರು 27 ಸಲ ತೋರಿಸುತ್ತದೆ, ಒಂದು ಚಿತ್ರದಿಂದ ಮತ್ತೊಂದಕ್ಕೆ 65 ಸೆಂ.ಮೀ. ಜಿಗಿತ. 120 ಹರ್ಟ್ಸ್ ಪರದೆ ಸುಮಾರು 55 ಸಲ, ಜಿಗಿತ 32 ಸೆಂ.ಮೀ. ಚೆಂಡಿನ ಹಾದಿ ನಯವಾಗಿ ಕಾಣುತ್ತದೆ, ನಿಜ. ಒಂದು ಚಿತ್ರ ಪರದೆಯಲ್ಲಿ ನಿಲ್ಲುವ ಕಾಲ 16.7 ಮಿಲಿಸೆಕೆಂಡಿನಿಂದ 8.3ಕ್ಕೆ ಇಳಿಯುತ್ತದೆ, ಅಂದರೆ ಉಳಿತಾಯ ಸುಮಾರು 8 ಮಿಲಿಸೆಕೆಂಡ್. ಈಗ ತಡದ ಲೆಕ್ಕ ನೋಡಿ. ಸಿನಿಮಾ ನೋಡುವ ವ್ಯವಸ್ಥೆಯಲ್ಲಿಟ್ಟಾಗ 100 ಮಿಲಿಸೆಕೆಂಡಿನ ಆಸುಪಾಸು ತಡಮಾಡುವ ಟಿ.ವಿ.ಗಳಿವೆ. ಆ ಕಾಲದಲ್ಲಿ ಚೆಂಡು ಸಾಗುವ ದೂರ ಸುಮಾರು 4 ಮೀಟರ್! ಅಂದರೆ ಪರದೆಯಲ್ಲಿ ಹುಡುಗನಿಗೆ ಕಾಣುವ ಚೆಂಡು ಆಟದ ಲೆಕ್ಕದಲ್ಲಿ ಆಗಲೇ 4 ಮೀಟರ್ ಮುಂದೆ ಹೋಗಿರುತ್ತದೆ. ಅವನು ಔಟಾದದ್ದು 60 ಹರ್ಟ್ಸ್‌ನಿಂದಲ್ಲ, ಈ 4 ಮೀಟರಿನಿಂದ.

ಸಂತೋಷದ ಸಂಗತಿಯೆಂದರೆ ಇದಕ್ಕೆ ಮದ್ದು ಪುಕ್ಕಟೆ. ಬಹುಪಾಲು ಹೊಸ ಟಿ.ವಿ.ಗಳ ಚಿತ್ರದ ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಎಂಬುದಿರುತ್ತದೆ. ಅದನ್ನು ಆರಿಸಿದರೆ ಟಿ.ವಿ. ಈ ತಿದ್ದುಪಡಿಗಳನ್ನು ಬಿಟ್ಟು ಚಿತ್ರವನ್ನು ಬೇಗ ದಾಟಿಸುತ್ತದೆ. ತಡ 10-20 ಮಿಲಿಸೆಕೆಂಡಿಗೆ ಇಳಿಯುವುದುಂಟು. ಬಣ್ಣ ತುಸು ಸಪ್ಪೆಯಾಗಬಹುದು, ಆಟ ಮಾತ್ರ ಕೈಮಾತು ಕೇಳುತ್ತದೆ. ಮೊಬೈಲಿನ ಆಟವನ್ನು ವೈಫೈ ಮೂಲಕ ಟಿ.ವಿ.ಗೆ ಕಳಿಸಿ ಆಡುವವರು ತಂತಿ ಹಾಕಿ ನೋಡಬೇಕು. ಗಾಳಿಯಲ್ಲಿ ಕಳಿಸಲು ಚಿತ್ರವನ್ನು ಅದುಮಿ, ಆಚೆ ಬದಿಯಲ್ಲಿ ಮತ್ತೆ ಬಿಡಿಸಬೇಕಾಗುವುದರಿಂದ ಅಲ್ಲೂ ಕಾಲ ಸೋರುತ್ತದೆ.

ಇನ್ನು ಪೆಟ್ಟಿಗೆಯ ಮೇಲೆ 240, 480, 960 ಎಂದು ಬರೆದಿರುವ ಸಂಖ್ಯೆಗಳು. ಇಂಥ ಸಂಖ್ಯೆಯ ಹಿಂದೆ 'ಮೋಷನ್' ಮುಂತಾದ ಪದ ಸೇರಿದ್ದರೆ ಅದು ಪರದೆಯ ನಿಜವಾದ ರಿಫ್ರೆಶ್ ರೇಟ್ ಅಲ್ಲ, ಕಂಪನಿ ತನ್ನದೇ ಸೂತ್ರದಿಂದ ಕಟ್ಟಿದ ಅಂಕಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ನೋಡಿ ಹೊರಗಿನವರು ಖಾರಕ್ಕೆ ಹೆದರುತ್ತಾರೆ. ಅದರಲ್ಲಿ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂಬುದು ನಮಗೆ ಗೊತ್ತು. ಈ ಅಂಕಿಗಳೂ ಹಾಗೆಯೇ. ಅದರಲ್ಲೂ ಒಂದು ವಿಪರ್ಯಾಸವಿದೆ. ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವೊಂದನ್ನು ತಾನೇ ಊಹಿಸಿ ಸೇರಿಸಿ ಚಲನೆಯನ್ನು ನಯಗೊಳಿಸುವುದು ಹಲವು ಟಿ.ವಿ.ಗಳ ವಿದ್ಯೆ. ನಡುವಿನ ಚಿತ್ರ ಬರೆಯಬೇಕಾದರೆ ಮುಂದಿನ ಚಿತ್ರ ಬರುವವರೆಗೂ ಕಾಯಲೇಬೇಕಲ್ಲವೆ? ಹಾಗಾಗಿ ಕ್ರಿಕೆಟ್ ನೋಡುವವನಿಗೆ ಚಂದ ಕಾಣುವ ಈ ಸೌಲಭ್ಯವೇ ಕ್ರಿಕೆಟ್ ಗೇಮ್ ಆಡುವವನಿಗೆ ತಡವನ್ನು ಹೆಚ್ಚಿಸುತ್ತದೆ.

ಹಾಗಾದರೆ 120 ಹರ್ಟ್ಸ್ ಬರೀ ಮೋಸವೆ? ಅಲ್ಲ. ಟಿ.ವಿ. ಮತ್ತು ಆಟದ ಯಂತ್ರ ಜೋಡೆತ್ತುಗಳಂತೆ. ಒಂದು ಎತ್ತು ಎಷ್ಟೇ ಚುರುಕಾಗಿರಲಿ, ಬಂಡಿ ಸಾಗುವುದು ನಿಧಾನದ ಎತ್ತಿನ ಹೆಜ್ಜೆಗೆ. ಯಂತ್ರವು ಸೆಕೆಂಡಿಗೆ 60 ಹೊಸ ಚಿತ್ರ ಮಾತ್ರ ಕಟ್ಟಿಕೊಟ್ಟರೆ 120ರ ಪರದೆ ಪ್ರತಿ ಚಿತ್ರವನ್ನೂ ಎರಡು ಸಲ ತೋರಿಸುತ್ತದೆ, ಟೂರಿಂಗ್ ಟಾಕೀಸಿನ ಮುಚ್ಚಳದ ಹಾಗೆ. ಪ್ಲೇಸ್ಟೇಷನ್ 4ರಿಂದ ಹೊರಬರುವುದು ಹೆಚ್ಚೆಂದರೆ 60. ಭಾರತಕ್ಕೆ 2021ರಲ್ಲಿ ಬಂದ ಪ್ಲೇಸ್ಟೇಷನ್ 5 ಸೆಕೆಂಡಿಗೆ 120ರವರೆಗೆ ಕೊಡಬಲ್ಲದು, ಎಲ್ಲ ಆಟಗಳೂ ಕೊಡುವುದಿಲ್ಲ. ಇನ್ನು ಕೇಬಲ್, ಡಿಶ್ ವಾಹಿನಿಗಳ ಪ್ರಸಾರ ನಮ್ಮಲ್ಲಿ ಇಂದಿಗೂ 50ರ ಲೆಕ್ಕದ್ದೇ. ಸೀರಿಯಲ್ಲು, ಸುದ್ದಿ, ಮ್ಯಾಚ್ ನೋಡಲು 120 ಅನಿವಾರ್ಯವಲ್ಲ.

120ಕ್ಕೆ ಇನ್ನೊಂದು ಗುಣವೂ ಉಂಟು. ಭಾರವಾದ ಕೆಲವು ಆಟಗಳು ಸೆಕೆಂಡಿಗೆ 40 ಚಿತ್ರ ಮಾತ್ರ ಕೊಡಬಲ್ಲವು. 60ನ್ನು 40ರಿಂದ ಭಾಗಿಸಿದರೆ ಸಮನಾಗಿ ಹೋಗದು. ಒಂದು ಚಿತ್ರ ಒಂದು ಸಲ, ಇನ್ನೊಂದು ಎರಡು ಸಲ ಎಂದು ಚಲನೆ ಕುಂಟುತ್ತದೆ. 120ರಲ್ಲಾದರೆ ಪ್ರತಿ ಚಿತ್ರವೂ ಸರಿಯಾಗಿ ಮೂರು ಸಲ, ಕುಂಟು ಮಾಯ. ಯಂತ್ರದ ಚಿತ್ರ ಸಿದ್ಧವಾಗುವವರೆಗೆ ಪರದೆಯೇ ಕಾದುಕೊಳ್ಳುವ ಏರ್ಪಾಡು ಕೂಡ ಕೆಲವು ದುಬಾರಿ ಟಿ.ವಿ.ಗಳಲ್ಲಿದೆ. ಅಂಥ ಯಂತ್ರ ಮನೆಯಲ್ಲಿದ್ದು, ವೇಗದ ಆಟಗಳನ್ನೇ ಆಡುವವರಿಗೆ ಈ ಖರ್ಚು ಸಾರ್ಥಕ. ಉಳಿದವರು ಹಾಸಿಗೆ ಇದ್ದಷ್ಟೇ ಕಾಲು ಚಾಚುವುದು ಲೇಸು.

ಆಡುವವನ ಕೈ ಎಷ್ಟು ಚುರುಕು ಎಂಬುದನ್ನೂ ಅಳೆಯೋಣ. 30 ಸೆಂ.ಮೀ. ಅಳತೆಪಟ್ಟಿಯ ಮೇಲ್ತುದಿಯನ್ನು ಒಬ್ಬರು ಹಿಡಿಯಲಿ. ಇನ್ನೊಬ್ಬರು ಸೊನ್ನೆಯ ಗೆರೆಯ ಬಳಿ ಬೆರಳುಗಳನ್ನು ತಾಗಿಸದೆ ತೆರೆದಿಡಲಿ. ಹೇಳದೆ ಪಟ್ಟಿಯನ್ನು ಬಿಟ್ಟಾಗ ಎಷ್ಟನೆಯ ಗೆರೆಯಲ್ಲಿ ಹಿಡಿದರೆಂದು ನೋಡಿ. ಗುರುತ್ವದ ನಿಯಮದಂತೆ 20 ಸೆಂ.ಮೀ. ಬೀಳಲು ಬೇಕಾದ ಕಾಲ 0.2 ಸೆಕೆಂಡ್, ಅಂದರೆ 200 ಮಿಲಿಸೆಕೆಂಡ್. ಹೆಚ್ಚಿನವರು ಅದರ ಅಕ್ಕಪಕ್ಕದಲ್ಲೇ ಹಿಡಿಯುತ್ತಾರೆ. ಇದರ ಮುಂದೆ 8 ಮಿಲಿಸೆಕೆಂಡ್ ಎಷ್ಟು, 100 ಮಿಲಿಸೆಕೆಂಡ್ ಎಷ್ಟು ಎಂದು ಹುಡುಗರೇ ತೂಗಿ ಹೇಳಲಿ.

ಟಿ.ವಿ.ಯ ತಡವನ್ನೂ ಮನೆಯಲ್ಲೇ ಅಳೆಯಬಹುದು. ಸ್ಲೋ ಮೋಷನ್ ಸೌಲಭ್ಯವಿರುವ ಹಲವು ಮೊಬೈಲುಗಳು ಸೆಕೆಂಡಿಗೆ 240 ಚಿತ್ರ ತೆಗೆಯುತ್ತವೆ. ಗುಂಡಿ ಒತ್ತುವ ಹೆಬ್ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ. ಬೆರಳು ಒತ್ತಿದಲ್ಲಿಂದ ಪರದೆಯಲ್ಲಿ ಆಟಗಾರ ಅಲುಗುವವರೆಗೆ ಎಷ್ಟು ಚಿತ್ರ ಸರಿದವು ಎಂದು ಎಣಿಸಿ, 4ರಿಂದ ಗುಣಿಸಿದರೆ ಹೆಚ್ಚುಕಡಿಮೆ ಮಿಲಿಸೆಕೆಂಡುಗಳು ಸಿಗುತ್ತವೆ. ಇದರಲ್ಲಿ ಯಂತ್ರದ ತಡವೂ ಸೇರಿರುತ್ತದೆ. ಆದ್ದರಿಂದ ಗೇಮ್ ಮೋಡ್ ಇಲ್ಲದೆ ಹತ್ತು ಸಲ, ಹಾಕಿ ಹತ್ತು ಸಲ ಅಳೆದು ಎರಡರ ಸರಾಸರಿಯ ವ್ಯತ್ಯಾಸ ತೆಗೆಯಿರಿ, ಗೇಮ್ ಮೋಡ್ ಉಳಿಸುವ ಟಿ.ವಿ.ಯ ತಡ ಎಷ್ಟೆಂದು ಸಿಕ್ಕುತ್ತದೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಪ್ಪುವ ಪ್ರಯೋಗವಿದು. ಹೊಸ ಟಿ.ವಿ. ಬೇಕೆನ್ನುವ ಮಗನಿಗೆ ಮೊದಲು ಈ ಲೆಕ್ಕವನ್ನು ಮಾಡಿ ತರಲು ಹೇಳಿ, ಅಂಗಡಿಗೆ ಆಮೇಲೆ ಹೋಗಿರಿ.