ಅಪ್ಪನ ಹೆಸರು ಕೇಳಲು ಇವರಾರು?



ಕಳೆದ ಸೋಮವಾರ ನಮ್ಮ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಕಂಡದ್ದು ಎದೆಯಲ್ಲಿ ಇನ್ನೂ ಕುದಿಯುತ್ತಿದೆ. ಉತಾರಕ್ಕೆ, ಜಾತಿ ಪ್ರಮಾಣಪತ್ರಕ್ಕೆ ಬಂದ ಮಂದಿ ತುಂಬಿದ್ದರು. ಸಿಬ್ಬಂದಿಯೊಬ್ಬರು ಎದ್ದು, ‘ದೇವದಾಸಿ ಪಗಾರದವ್ರು ಯಾರದೀರಿ? ಈ ಕಡೆ ಬರ್ರಿ’ ಎಂದು ಕೂಗಿದರು. ಎಲ್ಲರ ಕಣ್ಣೂ ತಿರುಗಿತು. ವಯಸ್ಸಾದ ತಾಯಿಯೊಬ್ಬರು ಸೆರಗು ಎಳೆದುಕೊಂಡು ಮುಂದೆ ಹೋದರು. ಜೊತೆಗಿದ್ದ ಮಗಳ ಅರ್ಜಿ ನೋಡಿ, ‘ಅಪ್ಪನ ಹೆಸರೆಲ್ಲಿ? ಖಾಲಿ ಬಿಟ್ರ ನಡಿಯೂದಿಲ್ಲ’ ಎಂಬ ಗದರಿಕೆ ಬೇರೆ. ಆಕೆ ಅರ್ಜಿ ಇಸಿದುಕೊಂಡು ಹೊರಗೆ ನಡೆದಳು.

ಅಪ್ಪನ ಹೆಸರು ಕೇಳುವ ಅಧಿಕಾರ ಯಾರು ಕೊಟ್ಟರು? ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡಲು ಮುತ್ತು ಕಟ್ಟುವುದನ್ನು 1982ರ ಕಾಯ್ದೆಯೇ ಅಪರಾಧವೆಂದಿತ್ತು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಕಾಯ್ದೆಯ ಪ್ರಕಾರ ಈ ತಾಯಂದಿರ ಮಕ್ಕಳು ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂದಿಲ್ಲ. ಮುತ್ತು ಕಟ್ಟಿಸಿದ್ದು ಊರು, ಲಾಭ ಉಂಡದ್ದು ಊರಿನ ದೊಡ್ಡವರು. ಅವರನ್ನು ಯಾವ ಕಚೇರಿಯೂ ಹೀಗೆ ಕೂಗಿ ಕರೆದದ್ದನ್ನು ನಾನು ಕಂಡಿಲ್ಲ.

ಹೋಗಲಿ, ದುಡ್ಡಾದರೂ ಹೊತ್ತಿಗೆ ಬರುತ್ತದೆಯೇ? 2024-25ರ ಬಜೆಟ್ಟಿನಲ್ಲಿ ಮಾಜಿ ದೇವದಾಸಿಯರ ಮಾಸಾಶನ 1,500ರಿಂದ 2,000 ರೂಪಾಯಿಗೆ ಏರಿತು. ನಮ್ಮೂರಿನ ತಾಯಂದಿರು ಮಾತ್ರ ಪಾಸ್‌ಬುಕ್ ಎಂಟ್ರಿ ಮಾಡಿಸಿ ಬರಿಗೈಯಲ್ಲಿ ತಿರುಗಿ ಬರುತ್ತಾರೆ, ಹೆಂಗಸರಿಗೆ ಬಸ್ ಚಾರ್ಜು ಇಲ್ಲದಿದ್ದರೂ ಒಂದು ದಿನದ ಕೂಲಿ ಹೋಯಿತು. 1993-94 ಮತ್ತು 2007-08ರ ದೇವದಾಸಿ ಸಮೀಕ್ಷೆಗಳಲ್ಲಿ ಹೆಸರು ಬಿಟ್ಟುಹೋದವರಂತೂ ವರ್ಷಗಟ್ಟಲೆ ಅಲೆದರು. ಒಬ್ಬಾಕೆ ಗೋವಾಕ್ಕೆ ದುಡಿಯಲು ಹೋಗಿದ್ದಾಗ ಗಣತಿಯವರು ಬಂದುಹೋದರೆ ಅದು ಆಕೆಯ ತಪ್ಪೇ? ಊರಿಗೆಲ್ಲ ಗೊತ್ತಿದ್ದದ್ದು ಸರ್ಕಾರಕ್ಕೆ ಮಾತ್ರ ಗೊತ್ತಿರಲಿಲ್ಲವೆಂದರೆ ನಂಬಬೇಕೇ?

ಸಿಬ್ಬಂದಿಗೆ ಕೆಲಸದ ಒತ್ತಡವೆನ್ನುವವರಿದ್ದಾರೆ. ಒತ್ತಡವಿದ್ದರೆ ಕೆಲಸ ತಡವಾಗಲಿ, ಒಬ್ಬ ಹೆಣ್ಣುಮಗಳ ಮಾನ ತೆಗೆಯಲು ಅದು ಕಾರಣವಾಗಲಾರದು. 1980ರಲ್ಲಿ ನೀರಿನ ಕರದ ವಿರುದ್ಧ ಎದ್ದು ನಿಂತ ಸೀಮೆ ನಮ್ಮದು. ಆ ಹೋರಾಟದ ನೆನಪಿಗೆ ಪ್ರತಿ ಜುಲೈ 21ರಂದು ನವಲಗುಂದದ ವೀರಗಲ್ಲಿಗೆ ಹಾರ ಹಾಕುತ್ತೇವೆ. ಅಂಥ ಸೀಮೆಯ ನಾವು ಅಂದು ಆ ಕಚೇರಿಯಲ್ಲಿ ತುಟಿ ಬಿಚ್ಚಲಿಲ್ಲ. ಈ ನಾಚಿಕೆಗೇಡನ್ನು ಯಾರಿಗೆ ಹೇಳಲಿ?

ಮಾನ್ಯ ಜಿಲ್ಲಾಧಿಕಾರಿಗಳು ಪ್ರತಿ ಕೌಂಟರಿನ ಮೇಲೂ ‘ತಂದೆಯ ಹೆಸರು ಕಡ್ಡಾಯವಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆಸಲಿ. ಯೋಜನೆಯ ಹೆಸರು ಹಿಡಿದು ಕೂಗುವುದು ನಿಲ್ಲಲಿ, ಚೀಟಿಯ ನಂಬರಿನಿಂದ ಕರೆಯಲಿ. ಅಂದು ವಾಪಸು ಹೋದ ಮಗಳ ಅರ್ಜಿಯನ್ನು ಅಧಿಕಾರಿಗಳೇ ಆಕೆಯ ಮನೆಗೆ ಹೋಗಿ ತೆಗೆದುಕೊಳ್ಳಬೇಕು.

– ನಿವೃತ್ತ ಶಿಕ್ಷಕಿ, ಧಾರವಾಡ ಜಿಲ್ಲೆ