ಹಿಟ್ಟಿಗೆ ಸಹಿ ಹಾಕಿದ ಅಪ್ಪ

ಮೊನ್ನೆ ಸುರಿದ ಮಳೆಗೆ ನಮ್ಮ ಕಡೆ ಕೊಯ್ಲಿಗೆ ಬಂದಿದ್ದ ರಾಗಿ ಪೂರಾ ಮಲಗಿದೆ. ತೆನೆಯಲ್ಲೇ ಮೊಳಕೆ. ಪಕ್ಕದ ಹೊಲದ ಅಣ್ಣನಿಗೆ "ಬೆಳೆ ನಷ್ಟದ ಅರ್ಜಿ ಕೊಡಣ್ಣ, ಪಹಣಿ ತಗೊಂಡು ಬಾ, ಒಟ್ಟಿಗೆ ಹೋಗೋಣ" ಅಂದೆ. "ಬೇಡ ಬಿಡಪ್ಪ, ನಮ್ಮ ತಾತ ಯಾರ ಮುಂದೆಯೂ ಕೈ ಒಡ್ಡಿದವನಲ್ಲ" ಅಂದ. ಆ ಮಾತಿಗೆ ಅಮೆರಿಕದ ಒಬ್ಬ ರೈತ ನೆನಪಾದ. ಸ್ವಲ್ಪ ಉದ್ದ ಆದ್ರೂ ಓದಿ.

ಹೆಸರು ಚಾರ್ಲ್ಸ್ ಇಂಗಲ್ಸ್. 1836ರಲ್ಲಿ ಹುಟ್ಟಿದವನು. ವಿಸ್ಕಾನ್ಸಿನ್, ಕಾನ್ಸಾಸ್, ಮಿನ್ನೆಸೋಟ, ಅಯೋವಾ, ಡಕೋಟ ಅಂತ ಹೆಂಡತಿ ಮಕ್ಕಳನ್ನ ಗಾಡಿಯಲ್ಲಿ ಕೂರಿಸಿಕೊಂಡು ಅಲೆದ. ಎರಡನೇ ಮಗಳು ಲಾರಾ 65ನೇ ವಯಸ್ಸಿಗೆ ಈ ಕಥೆಯ ಮೊದಲ ಪುಸ್ತಕ ಹೊರತಂದಳು. ಅವೇ 'ಲಿಟಲ್ ಹೌಸ್' ಪುಸ್ತಕಗಳು, ಕನ್ನಡಕ್ಕೂ ಬಂದಿವೆ. ಅದರಲ್ಲಿರೋ ಅಪ್ಪ ಪಿಟೀಲು ನುಡಿಸ್ತಾನೆ, ಮನೆ ಕಟ್ತಾನೆ, ಯಾರ ಹಂಗೂ ಇಲ್ಲದೆ ಸಂಸಾರ ಸಾಕ್ತಾನೆ. ಓದಿದವರಿಗೆಲ್ಲ ಅಂಥ ಅಪ್ಪ ಬೇಕು ಅನ್ಸುತ್ತೆ.

ದಾಖಲೆಯಲ್ಲಿರೋ ಚಾರ್ಲ್ಸ್ ಸ್ವಲ್ಪ ಬೇರೆ. 1874ರಲ್ಲಿ ಮಿನ್ನೆಸೋಟದ ವಾಲ್‌ನಟ್ ಗ್ರೋವ್ ಹತ್ತಿರ ಜಮೀನು ಹಿಡಿದು ಗೋಧಿ ಬಿತ್ತಿದ. ಮಿಡತೆ ಬಂತು. ಆಕಾಶ ಮುಚ್ಚಿಕೊಂಡು ಬಂದು ಪೈರು ತಿಂದು, ಮಣ್ಣಲ್ಲಿ ಮೊಟ್ಟೆ ಇಟ್ಟು ಹೋಯ್ತು. ಮುಂದಿನ ವರ್ಷ ಆ ಮೊಟ್ಟೆಗಳೇ ಎದ್ದವು. 1875ರ ನವೆಂಬರ್‌ನಲ್ಲಿ ಮಗ ಹುಟ್ಟಿದ. ಅದೇ ತಿಂಗಳು ಚಾರ್ಲ್ಸ್ ತನ್ನ ಕೈಯಲ್ಲಿ ಏನೂ ಇಲ್ಲ ಅಂತ ಪ್ರಮಾಣ ಮಾಡಿ, ಸಹಿ ಹಾಕಿ, ಸರ್ಕಾರದ ಹಿಟ್ಟು ತಂದ. ಆ ಮಗ ಒಂಬತ್ತು ತಿಂಗಳಿಗೆ ತೀರಿಕೊಂಡ. ಆಮೇಲೆ ಅಯೋವಾದ ಬರ್ ಓಕ್‌ನಲ್ಲಿ ಹೋಟೆಲ್ ಕೆಲಸ. ಅಲ್ಲಿಂದ ಸಾಲ ಬಾಕಿ ಇದ್ದಾಗಲೇ ರಾತ್ರೋರಾತ್ರಿ ಹೊರಟರು.

ಹಿಟ್ಟಿನ ಸಹಿ, ಸತ್ತ ಮಗು, ಬರ್ ಓಕ್, ಈ ಮೂರೂ ಮಕ್ಕಳ ಪುಸ್ತಕದಲ್ಲಿಲ್ಲ. 1880ರಲ್ಲಿ ಡಕೋಟದಲ್ಲಿ ಸಿಕ್ಕ ಜಮೀನೂ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಸರ್ಕಾರ ಕೊಟ್ಟಿದ್ದು, ಅದು ಮೊದಲು ಮೂಲನಿವಾಸಿಗಳ ನೆಲ. ಕಣ್ಣು ಕಳಕೊಂಡ ಹಿರಿಮಗಳು ಮೇರಿ ಅಯೋವಾದ ಅಂಧರ ಶಾಲೆಗೆ ಹೋದಳಲ್ಲ, ಅದರ ಫೀಸು ಕಟ್ಟಿದ್ದೂ ಡಕೋಟ ಸರ್ಕಾರ.

ಹಾಗಂತ ಅವನು ಸೋಮಾರಿ ಅಂತೀರಾ? ಬಡಗಿ ಕೆಲಸ ಮಾಡಿದ, ಕೂಲಿ ಮಾಡಿದ, ರೈಲ್ವೆ ಕ್ಯಾಂಪಿನಲ್ಲಿ ಲೆಕ್ಕ ಬರೆದ. ಅಷ್ಟು ದುಡಿದರೂ ಹೊಲ ಅವನನ್ನ ಕೊನೆತನಕ ಸಾಕಲಿಲ್ಲ. 1892ರಲ್ಲಿ ಜಮೀನು ಮಾರಿದ, 1902ರಲ್ಲಿ ಡಿ ಸ್ಮೆಟ್ ಪೇಟೆಯಲ್ಲಿ ತೀರಿಕೊಂಡ. ಆ ಜಾತಿ ಮಿಡತೆ ಜೀವಂತ ಸಿಕ್ಕಿದ್ದೂ ಅದೇ 1902ರಲ್ಲೇ ಕೊನೆ.

ನನ್ನ ಅಭಿಪ್ರಾಯ ಇಷ್ಟೇ. ಮಗಳು ಅಪ್ಪನ ಮೇಲಿನ ಪ್ರೀತಿಗೆ ಒಂದೆರಡು ಪುಟ ಬಿಟ್ಟಳು, ತಪ್ಪು ಅನ್ನಲ್ಲ. ಆದರೆ ನಾವೂ ಹಿರಿಯರ ಕಥೆಯಲ್ಲಿ ಇಂಥ ಪುಟ ಹರಿದು ಹಾಕಿದ್ದೀವಿ. ನಮ್ಮ ತಾತ ಬರಗಾಲದ ಕಾಮಗಾರಿಯಲ್ಲಿ ಕೆರೆ ಹೂಳೆತ್ತಿ, ಅಲ್ಲಿ ಕೊಟ್ಟ ಗಂಜಿ ಕುಡಿದವನು. ಅಜ್ಜಿ ಇದನ್ನ ಹೇಳಿದ್ದು ಸಾಯೋ ಮುಂಚೆ, ಅದೂ ಪಿಸುಮಾತಲ್ಲಿ. ಮೊದಲೇ ಹೇಳಿದ್ರೆ ತಾತನ ಮೇಲಿನ ಗೌರವ ಕಡಿಮೆ ಆಗ್ತಿರಲಿಲ್ಲ. ಸಾಲ ಆದ ವರ್ಷ ನಾನು ಯಾರಿಗೂ ಮುಖ ತೋರಿಸದೆ ಒಳಗೆ ಕೂತಿದ್ದೆನಲ್ಲ, ಅದು ತಪ್ಪುತ್ತಿತ್ತು.

ಬೆಳೆ ಹೋದಾಗ ಕೇಳೋದು ಭಿಕ್ಷೆ ಅಲ್ಲ. ನಾಚಿಕೆಗೆ ಬಿದ್ದು ಬಾಯಿ ಮುಚ್ಚಿಕೊಂಡ ಮನೆಗಳಲ್ಲಿ ಏನಾಗಿದೆ ಅಂತ ನಮಗೆಲ್ಲ ಗೊತ್ತು.

ನಾಳೆ ಹತ್ತು ಗಂಟೆಗೆ ನಾಡಕಚೇರಿಗೆ ಹೋಗ್ತಿದ್ದೀನಿ. ಗಾಡಿಯಲ್ಲಿ ಜಾಗ ಇದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತನ್ನಿ, ಹೊಲದ ಫೋಟೋನೂ ತೆಗೆದಿಟ್ಕೊಳ್ಳಿ. ಅಣ್ಣಾ, ನೀನೂ ಓದ್ತಿದ್ರೆ, ಬಾ.